ಬಳೆ ತೊಡಿಸಿದ ದಿನ

ಬಳೆಗಾರ ಎಷ್ಟು ಒತ್ತಿದರೂ ಹಸಿರು ಗಾಜಿನ ಬಳೆ ಜಯಮ್ಮನ ಎಡಗೈ ಹೆಬ್ಬೆರಳಿನ ಬುಡ ದಾಟಲಿಲ್ಲ. ಹಳೇ ಹೊಲಿಗೆಯ ಗುರುತಿನ ಪಕ್ಕದಲ್ಲೇ ನೆಲ್ಲಿಕಾಯಿ ಗಾತ್ರದ ಗಂಟು ಮತ್ತೆ ಎದ್ದಿತ್ತು. ಏಳು ತಿಂಗಳ ಬಸುರಿಯಾದ ಅವಳಿಗೆ ಬಳೆ ತೊಡಿಸಲೆಂದು ಕೆಂಗೇರಿಯ ಆ ಮನೆಯಲ್ಲಿ ಸೇರಿದ್ದ ಹೆಂಗಸರ ಹಾಡು ನಿಂತಿತು.

ಎರಡು ಸಲ ಕೊಯ್ದು ತೆಗೆದಿದ್ದ ಗಂಟು ಅದು. ಇಂಥದ್ದು ಬಲು ಅಪರೂಪ, ಇನ್ನೊಮ್ಮೆ ಬಂದರೆ ಕೈಯನ್ನೇ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದಾಗ ಅತ್ತೆ ಬೋರಮ್ಮನೂ ಅಲ್ಲೇ ಇದ್ದಳು.

"ಯಾವಾಗಿಂದ ಇದೆ?" ಬೋರಮ್ಮ ಮೆಲ್ಲಗೆ ಕೇಳಿದಳು.

"ಯುಗಾದಿಯಿಂದ," ಎಂದಳು ಜಯಮ್ಮ. "ಹೆರಿಗೆ ಆಗಿಬಿಡ್ಲಿ ಅತ್ತೆ. ಮಗೂನ ಒಂದ್ಸಲ ಎರಡೂ ಕೈಲಿ ಎತ್ಕೊಂಡ್ಬಿಡ್ತೀನಿ. ಆಮೇಲೆ ಆಸ್ಪತ್ರೆಗೆ ಹೋಗ್ತೀನಿ."

ಬೋರಮ್ಮ ಆ ಕೈಯನ್ನು ಹಿಡಿದುಕೊಂಡಳು. "ಬೇಡ ಕಣವ್ವ. ನಾಳೆ ಬೆಳಗಿನ ರೈಲಿಗೇ ದೊಡ್ಡಾಸ್ಪತ್ರೆಗೆ ಹೋಗಾಣ. ಮಗೂನ ನಾನು ಎತ್ತಿ ನಿನ್ನ ತೊಡೆ ಮೇಲೆ ಮಲಗಿಸ್ತೀನಿ. ಅದಕ್ಕೆ ಅವ್ವ ಉಳೀಬೇಕು."

ಜಯಮ್ಮ ತನ್ನ ಎಡಗೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ "ಆಯ್ತು ಅತ್ತೆ, ನಾಳೇನೇ ಹೋಗಾಣ," ಎಂದು ಅದನ್ನು ಸೆರಗಿನೊಳಗೆ ಎಳೆದುಕೊಂಡು, ಬಳೆಗಾರನ ಮುಂದೆ ಬಲಗೈ ಚಾಚಿದಳು.