ಎರಡು ಟರ್ಬೊಗಳ ಸಿಳ್ಳೆ

ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಬಲಗಾಲು ಬಿಗಿಯುತ್ತದೆ.

ಆಗ ನನಗೆ ಒಂಬತ್ತು ವರ್ಷ. ಸಂಡೂರಿನ ಶೆಡ್ಡಿನಲ್ಲಿ ಅಪ್ಪ ತನ್ನ ಹಳೆಯ ಅದಿರು ಲಾರಿಗೆ ಎಂಜಿನ್ನಿನ ಬಲ ಹೆಚ್ಚಲೆಂದು ತಾನೇ ಎರಡು ಟರ್ಬೊ ಜೋಡಿಸಿದ್ದ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತಲು ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿದ. ಅದರ ಬಾಗಿಲು ಹೊರಗಿನಿಂದಷ್ಟೇ ತೆಗೆಯಲು ಬರುತ್ತಿತ್ತು. ಸೀಟಿನ ಕಾದ ರೆಕ್ಸಿನ್ನಿಗೆ ತೊಡೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಅವ್ವ ಚೀಲ ಹಿಡಿದು ಗೇಟಿಗೆ ಬಂದು ನನ್ನನ್ನು ಕರೆದಳು. “ಇಳಿಯವ್ವಾ, ಎಮ್ಮಿಗನೂರಿಗೆ ಅಜ್ಜಿ ಮನೀಗೆ ಹೋಗೂನು. ನಾ ಇನ್ನ ಇಲ್ಲಿ ಇರಂಗಿಲ್ಲ.”

“ಇಳೀಬ್ಯಾಡ, ಒತ್ತು,” ಎಂದ ಅಪ್ಪ, ಎಂಜಿನ್ನಿನಿಂದ ತಲೆಯೆತ್ತದೆ.

ನನ್ನ ಬಾಗಿಲು ತೆಗೆಯಲು ಅವ್ವ ಗೇಟು ದಾಟಲಿಲ್ಲ, ಅಪ್ಪ ನಟ್ಟು ಬಿಗಿಯುವ ಪಾನಾ ಬಿಡಲಿಲ್ಲ. ಕೂಗಾಟ ಜೋರಾಯಿತು. ಅದು ಕೇಳದಿರಲೆಂದು ನಾನು ಪೂರ್ತಿ ಒತ್ತಿದೆ. ಎರಡೂ ಟರ್ಬೊ ಸಿಳ್ಳೆ ಹೊಡೆದವು; ಅವ್ವನ ತುಟಿಗಳಷ್ಟೇ ಅಲುಗುತ್ತಿದ್ದವು. ಕಾಲು ತೆಗೆದಾಗ ಅವಳು ಅಲ್ಲಿರಲಿಲ್ಲ.

“ಕೇಳಿದೇನವ್ವಾ? ಎರಡೂ ಮಸ್ತ್ ಹಾಡಾಕತ್ಯಾವ!” ಎಂದು ಅಪ್ಪ ಗೇಟಿನ ಕಡೆ ನೋಡದೆ ನನ್ನತ್ತ ತಲೆಯೆತ್ತಿ ನಕ್ಕ.