ಸುಮ್ಮನಿದ್ದ ಗೋಡೆ ಫೋನು

ಊಟದ ಡಬ್ಬಿ ಬಿಚ್ಚುತ್ತಿದ್ದ ಪ್ರೋಗ್ರಾಮರ್ ಹುಡುಗಿಯ ಕೈ ಅಲ್ಲೇ ನಿಂತಿತು. ಕೋಳಿಮರಿ ಮಾಡಿಸುವ ಹ್ಯಾಚರಿಯ ಗೋಡೆ ಫೋನಿನಲ್ಲಿ ಮೊಳಗುವ ಅಲಾರಂಗಳನ್ನು ನಿಭಾಯಿಸಲು ಅವಳು ಬಳಸುವ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ‘ಸುಮ್ಮನಿರು’ ಎನ್ನಲು ಒಂದು ಸಾಲು, ‘ಕೂಗು’ ಎನ್ನಲು ಇನ್ನೊಂದು. ನಿನ್ನೆ ಫ್ಯಾನ್ ರಿಪೇರಿಗೆಂದು ಮೊದಲನೆಯದನ್ನು ಬರೆದವಳು ಎರಡನೆಯದನ್ನು ಮರೆತೇಬಿಟ್ಟಿದ್ದಳು. ಲ್ಯಾಪ್‌ಟಾಪ್ ತೆರೆದರೆ, ಮೊಟ್ಟೆಗಳಿಗೆ ಕಾವು ಕೊಡುವ ಮೂರನೆಯ ಪೆಟ್ಟಿಗೆಯ ಶಾಖ ಹತ್ತು ಗಂಟೆಗೇ ಮಿತಿ ದಾಟಿತ್ತು. ಒಳಗೆ ನಾಳೆ ಒಡೆದು ಮರಿಯಾಗಬೇಕಾದ ನಾಲ್ಕು ಸಾವಿರ ಮೊಟ್ಟೆ. ಆಮೇಲೆ ಗ್ರಾಫಿನ ಗೆರೆ ಎಲ್ಲಿಗೆ ಏರಿದೆಯೆಂದು ನೋಡುವ ಧೈರ್ಯವಾಗದೆ, ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹ್ಯಾಚರಿಗೆ ಓಡಿದಳು.

ಅಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಳೆಯ ಕೆಲಸದಾಕೆ ಪೆಟ್ಟಿಗೆಯ ಗಾಳಿಕಿಂಡಿಗಳನ್ನೆಲ್ಲ ತೆರೆದಿಟ್ಟು, ಬಿಸಿ ಎಷ್ಟಿದೆ ಎಂದು ನೋಡಲು ಒಂದು ಮೊಟ್ಟೆಯನ್ನು ಮುಚ್ಚಿದ ಕಣ್ಣಿಗೆ ಒತ್ತಿಕೊಂಡು ನಿಂತಿದ್ದಳು.

“ಬೆಂದುಹೋದ್ವಾ ದೊಡ್ಡಮ್ಮಾ?”

“ಬೇಯೋಕೆ ನಾನೇನು ಸತ್ತಿದ್ನಾ? ಗಳಿಗೆಗೊಂದ್ಸಲ ಬಾಯಿ ಬಡ್ಕೊಳ್ಳೋ ನಿನ್ನ ಗೋಡೆ ಫೋನು ಬೆಳಿಗ್ಗೆಯಿಂದ ತೆಪ್ಪಗಿತ್ತು. ತುಂಟ ಮಗು ಸದ್ದಿಲ್ದೆ ಕೂತ್ರೆ ಎದ್ದು ನೋಡ್ಬೇಕಲ್ವೇನೇ? ಹತ್ತು ಗಂಟೆಗೇ ಕಿಂಡಿ ತೆಗ್ದೆ.”

ದೊಡ್ಡಮ್ಮ ಆ ಮೊಟ್ಟೆಯನ್ನು ಅವಳ ರೆಪ್ಪೆಗೆ ಒತ್ತಿದಳು. ಹಿತವಾದ ಬಿಸುಪು; ಒಳಗಿಂದ ಯಾರೋ ಮೆಲ್ಲಗೆ ಕುಟುಕಿದರು.

ಅವಳು ಅಲ್ಲೇ ನೆಲದ ಮೇಲೆ ಕೂತು, ಮರೆತ ಸಾಲನ್ನು ಬರೆದು, ಪರೀಕ್ಷೆಗೆಂದು ಅಲಾರಂ ಒಂದನ್ನು ಎಬ್ಬಿಸಿದಳು. ಗೋಡೆಯ ಫೋನು ಕಿವಿ ಕಿತ್ತುಹೋಗುವಂತೆ ಅರಚಿತು.

“ಹಾಂ, ಈಗ ನೆಮ್ಮದಿ,” ಎಂದು ದೊಡ್ಡಮ್ಮ ಊಟಕ್ಕೆ ಹೊರಟಳು.