ಕದಲದ ನದಿ

ಬಟ್ಟೆ ಮಡಚುತ್ತಲೇ ಸಂಯುಕ್ತಾ ಲ್ಯಾಪ್‌ಟಾಪಿನತ್ತ ಮತ್ತೆ ಕಣ್ಣು ಹಾಯಿಸಿದಳು. ಕೆರಿಬಿಯನ್ ದ್ವೀಪವೊಂದರ ಹವಾಮಾನ ಇಲಾಖೆಗೆ ನದಿಗಳ ನೀರಿನ ಮಟ್ಟ ನೋಡಿಕೊಡುವುದು ನಾರ್ವೆಸ್ಟ್ ಬಡಾವಣೆಯಲ್ಲಿರುವ ಅವಳ ಕಂಪನಿಯ ಕೆಲಸ. ತಿಂಗಳಿಂದ ಎಷ್ಟು ಮಳೆ ಸುರಿದರೂ ಅಲ್ಲಿನ ಒಂದು ನದಿಯ ಮಟ್ಟ ಪರದೆಯ ಮೇಲೆ ಎರಡು ಮೀಟರಿನಿಂದ ಕದಲಿರಲಿಲ್ಲ. ಅದರ ದಂಡೆಯಲ್ಲೇ ಊರಿತ್ತು. "ಮಟ್ಟ ಅಳೆಯೋ ಮೀಟರ್ ನಮ್ದೇ, ಸುಮ್ನೆ ಅನುಮಾನ ಪಡ್ಬೇಡ" ಎಂದು ಮ್ಯಾನೇಜರ್ ಯತೀಶ್ ಗದರಿದ್ದರಿಂದ, ಇಲಾಖೆಗೆ ಬರೆದ ಪತ್ರ ಮೂರು ವಾರದಿಂದ ಡ್ರಾಫ್ಟಿನಲ್ಲೇ ಕೂತಿತ್ತು.

"ಇವತ್ತೂ ಎರಡೇ ಅತ್ತೆ, ಅದೂ ಇಷ್ಟು ಮಳೇಲಿ!"

"ನಮ್ಮ ಟ್ಯಾಂಕಿನ ಫ್ಲೋಟ್ ಸಿಕ್ಕಾಕೊಂಡಾಗ್ಲೂ ಹಿಂಗೇ ಕಣೇ," ಲಕ್ಷ್ಮಮ್ಮ ಕಾಲುಚೀಲದ ಜೋಡಿ ಹುಡುಕುತ್ತಾ ಅಂದರು. "ಅರ್ಧ ಅಂತ ತೋರಿಸ್ತಿತ್ತು, ನೀರು ನಡುಮನೆಗೇ ಬಂತು. ಹತ್ತಿ ನೋಡ್ದೋರೇ ಇಲ್ಲ."

ಸಂಯುಕ್ತಾಳ ಕೈಯ ಟವೆಲ್ ಅರ್ಧ ಮಡಿಕೆಯಲ್ಲೇ ನಿಂತಿತು. ಪತ್ರಕ್ಕೆ ಒಂದು ಸಾಲು ಸೇರಿಸಿದಳು: ಮೀಟರನ್ನು ನಂಬಬೇಡಿ, ಈಗಲೇ ಯಾರಾದರೂ ದಂಡೆಗೆ ಹೋಗಿ ಕಣ್ಣಾರೆ ನೋಡಿ.

"ಯತೀಶ್‌ಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅತ್ತೆ," ಎನ್ನುತ್ತಾ ಸೆಂಡ್ ಒತ್ತಿದಳು.